ಗಿನಿ ಕೋಳಿಗೆ ಮೊದಲು ಗೂಡಿನ ರುಚಿ ಹತ್ತಲಿ

ಸಂತೆಯಿಂದ ಗಿನಿ ಕೋಳಿ ತಂದ ದಿನವೇ ಮಂಕರಿ ಎತ್ತಿ ಅಂಗಳಕ್ಕೆ ಬಿಡುತ್ತಾರಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತಂಗಿಯ ಮೊಮ್ಮಗ ಹೀಗೆಯೇ ಎಂಟನ್ನು ಬಿಟ್ಟ. ಸಂಜೆಗೆ ಎಂಟೂ ಹಲಸಿನ ಮರ ಏರಿದವು, ವಾರ ಕಳೆಯುವಷ್ಟರಲ್ಲಿ ಉಳಿದದ್ದು ಮೂರು. “ಕಾವಲಿಗೆಂದು ತಂದೆ ಅಜ್ಜಿ” ಎಂದ. ಅವು ಕೂಗುತ್ತವಪ್ಪ, ಕಾಡುಬೆಕ್ಕನ್ನು ಅಟ್ಟುವುದಿಲ್ಲ! ಹಗಲಲ್ಲಿ ಗಿಡುಗ ಸುಳಿದರೆ ಅವುಗಳ ಕಿರುಚಾಟಕ್ಕೆ ನಾಟಿ ಹೇಂಟೆಗಳೂ ಬೇಲಿಯೊಳಗೆ ನುಗ್ಗುತ್ತವೆ, ನಿಜ. ರಾತ್ರಿ ಕಾಯುವುದು ಮಾತ್ರ ಗೂಡಿನ ಬಾಗಿಲು. ನಮ್ಮತ್ತೆ ಮಂಕರಿ ಕವುಚಿ ಮೇಲೆ ರುಬ್ಬುವ ಗುಂಡು ಹೇರಿಯೇ ಮಲಗುತ್ತಿದ್ದರು.

ಮೊದಲ ಒಂದೂವರೆ ತಿಂಗಳು ಗೂಡಿನಿಂದ ಹೊರಗೆ ಬಿಡಲೇಬೇಡಿ. ಅಡ್ಡಕೋಲನ್ನು ಸೂರಿಗೆ ತಾಗುವಷ್ಟು ಎತ್ತರಕ್ಕೆ ಕಟ್ಟಿ, ಅವಕ್ಕೆ ಎತ್ತರವೇ ಬೇಕು. ದಿನವೂ ದೀಪ ಹಚ್ಚುವ ಹೊತ್ತಿಗೆ ತಗಡಿನ ಡಬ್ಬಿಯಲ್ಲಿ ಒಂದು ಹಿಡಿ ನವಣೆ ಹಾಕಿ ಗಲಗಲ ಅಲ್ಲಾಡಿಸಿ, ಆಮೇಲೆ ಚೆಲ್ಲಿ. (ನವಣೆಯನ್ನು ಕೇರಿ ಬಿಸಿಲಿಗೆ ಹಾಕಿದ ಮೇಲೆ ತುಂಬಿಡಿ. ಈಗಿನವರ ಮನೆಯಲ್ಲಿ ಮೊರವೂ ಇಲ್ಲ, ಕೇರುವ ಕೈಯೂ ಇಲ್ಲ.) ನಂತರ ಒಂದನ್ನು ಬಿಡಿ, ಒಂದನ್ನೇ. ಒಳಗಿನವು ಕರೆಯುತ್ತಲೇ ಇರುತ್ತವೆ, ಹೊರಗಿನದು ಜಾಲರಿ ಬಿಟ್ಟು ದೂರ ಹೋಗದೆ ಅಲ್ಲೇ ಸುತ್ತುತ್ತದೆ. ಸಂಜೆ ಡಬ್ಬಿಯ ಸದ್ದಿಗೆ ಅದು ಒಳಗೆ ಬಂದರೆ ಎರಡು ದಿನ ಬಿಟ್ಟು ಇನ್ನೊಂದನ್ನು ಸೇರಿಸಿ. ಹೀಗೆ ಎಲ್ಲವೂ ಹೊರಬೀಳಲು ಇನ್ನೂ ಎರಡು ಮೂರು ವಾರ ಬೇಕು. ಬೆಳಿಗ್ಗೆ ಕಾಳು ಹಾಕಬೇಡಿ, ಹಸಿದರೇ ಮನೆ ನೆನಪಾಗುವುದು. ಡಬ್ಬಿಯನ್ನೂ ಬದಲಿಸಬೇಡಿ. ನಾನೊಮ್ಮೆ ಪ್ಲಾಸ್ಟಿಕ್ ಡಬ್ಬಿ ಅಲ್ಲಾಡಿಸಿದೆ, ಸಾಲ ಕೇಳಲು ಬಂದವಳನ್ನು ನೋಡುವಂತೆ ದೂರದಲ್ಲೇ ನಿಂತು ನೋಡಿದವು.

ಮುಂಗುಸಿ ನೆಲ ಕೆದರಿ ಬರುತ್ತದೆ, ಜಾಲರಿಯನ್ನು ಮೊಳದಷ್ಟು ಆಳಕ್ಕೆ ಹೂಳಿ. ಗಿನಿ ಗಂಡುಗಳು ಹುಂಜವನ್ನು ಅಟ್ಟಾಡಿಸುತ್ತವೆ, ಮೇವನ್ನು ಎರಡು ಕಡೆ ಇಡಿ. ಪೊದೆಯಲ್ಲಿ ಬಚ್ಚಿಟ್ಟ ಮೊಟ್ಟೆ ಸಿಕ್ಕರೆ ತಾಳ್ಮೆಯ ನಾಟಿ ಹೇಂಟೆಯನ್ನೇ ಕಾವಿಗೆ ಕೂರಿಸಿ. ಕೋಳಿಮೊಟ್ಟೆಯಂತೆ 21 ದಿನಕ್ಕೆ ಒಡೆಯುವುದಿಲ್ಲ, 26ರಿಂದ 28 ದಿನ ಬೇಕು. ಇಪ್ಪತ್ತೆರಡನೆಯ ದಿನ ಕೆಟ್ಟಿತೆಂದು ತಿಪ್ಪೆಗೆ ಎಸೆದವರನ್ನೂ ಕಂಡಿದ್ದೇನೆ. ಮರಿಗಳಿಗೆ ಪುಕ್ಕ ಬಲಿಯುವ ತನಕ ಇಬ್ಬನಿಯ ಹುಲ್ಲಿಗೆ ಬಿಡಬೇಡಿ, ನೆನೆದರೆ ಸಾಯುತ್ತವೆ.

ಆ ಹುಡುಗ ಮತ್ತೆ ಆರು ತಂದಿದ್ದಾನಂತೆ. ನಿನ್ನೆ ನನ್ನ ಡಬ್ಬಿ ಕೇಳಲು ಬಂದಿದ್ದ. ಕೊಡಲಿಲ್ಲ.