ಒಬ್ಬ ರಾಜ, ಆ ರಾಜ

ಮಂಡ್ಯ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲ ಕನ್ನಡ ಮಾಧ್ಯಮದ ಮಕ್ಕಳು. ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ತರಗತಿಗೆ ಇಂಗ್ಲಿಷ್ ಬಂದಿದೆ. ಆದರೂ ಗೇಟು ದಾಟಿದರೆ ಇವರ ಕಿವಿಗೆ ಆ ಭಾಷೆ ಬೀಳುವುದು ಅಪರೂಪ.

ಹಿಂದೊಮ್ಮೆ ತರಬೇತಿಗೆ ಹೋದಾಗ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ರೂಪಿಸಿದ ‘ವಾರ್ಕ್’ ಎಂಬ ಕಲಿಕೆಯ ಶೈಲಿಗಳ ವಿಂಗಡಣೆಯ ಬಗ್ಗೆ ಹೇಳಿದರು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು. ನಾನು ಬಂದವಳೇ ತರಗತಿಯನ್ನು ನಾಲ್ಕು ಗುಂಪು ಮಾಡಿದೆ. ಚಾರ್ಟು, ಪದ್ಯ, ನೋಟ್ಸು, ಪದದ ಚೀಟಿ. ರಾತ್ರಿ ಹನ್ನೊಂದರವರೆಗೆ ಕೂತು ಚೀಟಿ ಕತ್ತರಿಸಿದ್ದುಂಟು. ಒಂದು ದಿನ ನಾಲ್ಕು ವಾಕ್ಯ ಬರೆಯಿರಿ ಎಂದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಮಿಸ್, ನಾನು ಚೀಟಿ ಗುಂಪಲ್ವಾ? ನಂಗೆ ಬರಿಯಾಕೆ ಬರಾಕಿಲ್ಲ.” ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವನಿಗೆ ಹಾಗೆ ಅನ್ನಿಸುವಂತೆ ಮಾಡಿದವಳು ನಾನು.

ಆಮೇಲೆ ಹುಡುಕಿ ಓದಿದೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಮನಶ್ಶಾಸ್ತ್ರಜ್ಞರು ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಮಗುವಿನ ‘ಶೈಲಿ’ಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿದ್ದರು. ಗುಂಪುಗಳನ್ನು ಅವತ್ತೇ ಬಿಟ್ಟೆ. ಈ ಮಗು ಯಾವ ಬಗೆ ಎಂದು ನೋಡುವ ಬದಲು ಈ ತಪ್ಪು ಎಲ್ಲಿಂದ ಬಂತು ಎಂದು ನೋಡತೊಡಗಿದೆ. ಎಷ್ಟೋ ತಪ್ಪುಗಳ ಬೇರು ನಮ್ಮ ಕನ್ನಡದಲ್ಲೇ ಇತ್ತು.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಹಾಗಾಗಿ ಮಕ್ಕಳು ‘ಎ’, ‘ದ’ ಎರಡನ್ನೂ ನುಂಗಿಬಿಡುತ್ತಾರೆ. ನಿಯಮ ಬಾಯಿಪಾಠ ಮಾಡಿಸಿ ನೋಡಿದ್ದೆ, ಪ್ರಯೋಜನವಾಗಿರಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ಬರೆದೆ: ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮಕ್ಕಳಿರಲಿಲ್ಲ.’ ಎರಡನೇ ಸಲವೂ ‘ಒಬ್ಬ ರಾಜ’ ಅಂದರೆ ಏನಾಗುತ್ತೆ ಎಂದು ಕೇಳಿದೆ.

“ಬೇರೆ ರಾಜ ಬಂದ ಅನ್ಕೋತಾರೆ ಮಿಸ್!”

‘ಒಬ್ಬ’ ಕೆಳಗೆ ‘ಎ’ ಬರೆದೆ, ‘ಆ’ ಕೆಳಗೆ ‘ದ’. ಎಲ್ಲರೂ ಅವರವರ ಅಜ್ಜಿ ಹೇಳಿದ ಕಥೆಯ ಶುರುವನ್ನು ಇಂಗ್ಲಿಷಿನಲ್ಲಿ ಬರೆದು ಪಕ್ಕದವರಿಗೆ ಓದಿ ಹೇಳಿದರು. ಆ ಹುಡುಗ ಆರು ಸಾಲು ಬರೆದ. ಕಬ್ಬಿನ ಗದ್ದೆಗೆ ನುಗ್ಗಿದ ನರಿಯ ಕಥೆ. ಮೊದಲ ಸಾಲಿನಲ್ಲಿ ‘ಎ ಫಾಕ್ಸ್’, ಎರಡನೆಯದರಲ್ಲಿ ‘ದ ಫಾಕ್ಸ್’. ಸ್ಪೆಲಿಂಗ್ ತಪ್ಪಿತ್ತು, ನಾನು ಮುಟ್ಟಲಿಲ್ಲ. ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ ನಿಜ. ‘ದ ಸನ್’ ಇದೆ, ನಾವು ಸುಮ್ಮನೆ ಸೂರ್ಯ ಅನ್ನುತ್ತೇವೆ. ಅದಕ್ಕೆ ಬೇರೆ ದಿನವೇ ಬೇಕು.

ಸಪ್ತಮಿ ವಿಭಕ್ತಿಯ ‘ಅಲ್ಲಿ’ಗೆ ಕಥೆ ಸಾಲದು. ಬ್ಯಾಗಲ್ಲಿ ಅಂದರೆ ‘ಇನ್’, ಗೋಡೇಲಿ ಅಂದರೆ ‘ಆನ್’, ಬಸ್ ಸ್ಟ್ಯಾಂಡಲ್ಲಿ ಅಂದರೆ ‘ಅಟ್’, ಬಸ್ಸಲ್ಲಿ ಬಂದೆ ಅಂದರೆ ‘ಬೈ’. ಇಲ್ಲಿ ಎಲ್ಲರ ಕೈಗೂ ಪೆನ್ಸಿಲ್ ಕೊಟ್ಟು, ಇಡಿಸಿ, ತೆಗೆಸಿ, ಹೇಳಿಸುತ್ತೇನೆ.

ಈ ವಾರ ‘ನನಗೆ ಹಸಿವಾಗಿದೆ’ ಹಿಡಿದಿದ್ದೇವೆ. ಕನ್ನಡದಲ್ಲಿ ಹಸಿವು ನನಗೆ ಆಗುತ್ತದೆ, ಇಂಗ್ಲಿಷಿನಲ್ಲಿ ‘ನಾನು’ ಎಂದೇ ಶುರು ಮಾಡಬೇಕು. ಆರು ಜನ ‘ಟು ಮಿ ಹಂಗ್ರಿ’ ಎಂದು ಬರೆದಿದ್ದಾರೆ. ನಾಳೆ ಆ ಆರು ನೋಟ್‌ಬುಕ್ಕುಗಳಿಂದಲೇ ಪಾಠ.