ಶನಿಯ ಸಾಲಿನಲ್ಲಿ ಕೈಕೊಟ್ಟ ಲೆಕ್ಕ

ಗ್ರಹಗಳ ಮೇಲ್ಮೈ ಗುರುತ್ವವನ್ನು ಪಟ್ಟಿ ನೋಡಿ ಒಪ್ಪಿಕೊಳ್ಳುವ ಬದಲು ನಾನೇ ಲೆಕ್ಕ ಹಾಕಬೇಕೆಂದು ಒಂದು ಸಂಜೆ ಕುಳಿತೆ. ನ್ಯೂಟನ್ನನ ಸೂತ್ರಕ್ಕೆ ಕಿಲೋಗ್ರಾಂ, ಮೀಟರುಗಳನ್ನು ತುಂಬಿ ಸೊನ್ನೆ ಎಣಿಸುವುದರಲ್ಲೇ ಸುಸ್ತಾದೆ. ಸಾಲದ್ದಕ್ಕೆ ತ್ರಿಜ್ಯದ ಜಾಗದಲ್ಲಿ ವ್ಯಾಸ ಬರೆದಿದ್ದೆ. ಭೂಮಿಯ ಗುರುತ್ವ 9.8 ಬರಬೇಕಾದಲ್ಲಿ 2.45 ಬಂತು!

ಆ ಹಾಳೆ ಹರಿದು ಭೂಮಿಯನ್ನೇ ಅಳತೆಗೋಲು ಮಾಡಿಕೊಂಡೆ. ಗ್ರಹದ ದ್ರವ್ಯರಾಶಿ ಭೂಮಿಯ ಎಷ್ಟು ಪಟ್ಟು, ತ್ರಿಜ್ಯ ಎಷ್ಟು ಪಟ್ಟು ಎಂದು ಬರೆದುಕೊಂಡು, ಮೊದಲನೆಯದನ್ನು ಎರಡನೆಯದರ ವರ್ಗದಿಂದ ಭಾಗಿಸಿದರಾಯಿತು. ಗ್ರಹಕ್ಕೂ ಭೂಮಿಗೂ ತ್ರಿಜ್ಯದ ಬದಲು ವ್ಯಾಸವನ್ನೇ ಹಿಡಿದರೂ ಈ ದಾರಿಯಲ್ಲಿ ಉತ್ತರ ಕೆಡುವುದಿಲ್ಲ. ನನ್ನಂಥವರಿಗೆ ಅದೇ ದೊಡ್ಡ ಉಪಕಾರ.

ಚಂದ್ರನ ದ್ರವ್ಯರಾಶಿ ಭೂಮಿಯ 81ರಲ್ಲೊಂದು ಪಾಲು. ಗುರುತ್ವ ಮಾತ್ರ ಆರರಲ್ಲೊಂದು. ಅಲ್ಲಿ ನಿಂತವರು ಕೇಂದ್ರಕ್ಕೆ ಅಷ್ಟು ಹತ್ತಿರವಿರುತ್ತಾರೆ: ತ್ರಿಜ್ಯ 0.273, ಅದರ ವರ್ಗ 0.0745. ಹೆಸರಿನಲ್ಲೇ ಭಾರ ಹೊತ್ತ ಗುರುವಿನ ಕಥೆ ತಿರುಗುಮುರುಗು. 318 ಭೂಮಿಗಳಷ್ಟು ದ್ರವ್ಯರಾಶಿಯಿದ್ದರೂ ತ್ರಿಜ್ಯ 11.2 ಪಟ್ಟು ಇರುವುದರಿಂದ ಗುರುತ್ವ ಎರಡೂವರೆ ಪಟ್ಟಿಗೆ ನಿಲ್ಲುತ್ತದೆ.

ಬುಧ, ಮಂಗಳ ಎರಡಕ್ಕೂ 0.38 ಬಂದಾಗ ಒಂದೇ ಸಾಲನ್ನು ಎರಡು ಸಲ ಬರೆದೆನೇನೋ ಎಂದು ಅನುಮಾನಪಟ್ಟೆ. ತಪ್ಪಿರಲಿಲ್ಲ. ಮಂಗಳದ ದ್ರವ್ಯರಾಶಿ ಬುಧನ ಸುಮಾರು 1.94 ಪಟ್ಟು, ತ್ರಿಜ್ಯ 1.39 ಪಟ್ಟು, ಅದರ ವರ್ಗ 1.93. ಒಂದು ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಂಡಿತ್ತು. ಬುಧ ಚಿಕ್ಕದಾದರೂ ಒಡಲ ತುಂಬ ಕಬ್ಬಿಣ: ಸಾಂದ್ರತೆ ಘನ ಸೆಂಟಿಮೀಟರಿಗೆ 5.4 ಗ್ರಾಂ, ಮಂಗಳದ್ದು 3.9. ಗುರುತ್ವವನ್ನು ಸಾಂದ್ರತೆ ಮತ್ತು ತ್ರಿಜ್ಯಗಳ ಗುಣಲಬ್ಧವಾಗಿಯೂ ಕಾಣಬಹುದೆಂದು ನನಗೆ ಹೊಳೆದದ್ದು ಈ ಜೋಡಿಯಿಂದ.

ಕೈಕೊಟ್ಟದ್ದು ಶನಿ. 95.2ನ್ನು 9.45ರ ವರ್ಗದಿಂದ ಭಾಗಿಸಿದರೆ 1.07, ಪಟ್ಟಿಯಲ್ಲಿ 0.91. ಮೂರು ಸಲ ಭಾಗಿಸಿದರೂ ಅದೇ ಉತ್ತರ. ಕೊನೆಗೆ ಕಾರಣ ಸಿಕ್ಕಿತು: ಶನಿ ಹನ್ನೊಂದು ಗಂಟೆಯೊಳಗೇ ಒಂದು ಸುತ್ತು ತಿರುಗುತ್ತದೆ, ಆ ರಭಸ ಸಮಭಾಜಕದಲ್ಲಿ ಎಳೆತದ ಒಂದು ಪಾಲನ್ನು ತಿಂದುಹಾಕುತ್ತದೆ. ಅಲ್ಲದೆ ಶನಿಗೆ ಕಾಲೂರುವ ನೆಲವೇ ಇಲ್ಲ. ವಾತಾವರಣದ ಒತ್ತಡ ಒಂದು ಬಾರ್, ಅಂದರೆ ಹೆಚ್ಚುಕಡಿಮೆ ನಮ್ಮ ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು, ಇರುವ ಮಟ್ಟವನ್ನೇ ಮೇಲ್ಮೈ ಎಂದು ಹಿಡಿಯುತ್ತಾರೆ. ಈಗ ನನ್ನ ಪಟ್ಟಿಯಲ್ಲಿ ತಿರುಗುವ ಅವಧಿಗೂ ಒಂದು ಅಂಕಣವಿದೆ.