ನಮ್ಮ ಎಫ್‌ಎಂ ಅರ್ಜಿ ಯಾಕೆ ವಾಪಸ್ ಬಂತು

ಸಣ್ಣದೊಂದು ಎಫ್‌ಎಂ ಕೇಂದ್ರಕ್ಕೆ ಲೈಸೆನ್ಸ್ ಬೇಕಿತ್ತು. ಚಾನೆಲ್, ಅಂದ್ರೆ ಪ್ರಸಾರಕ್ಕೆ ಖಾಲಿ ಇರುವ ಫ್ರೀಕ್ವೆನ್ಸಿ, ಹುಡುಕುವ ಕೆಲಸ ನನ್ನ ತಲೆಗೆ ಬಂತು. ಕೆಲವು ದೇಶಗಳಲ್ಲಿ ಸರ್ಕಾರವೇ ಚಾನೆಲ್ ಆರಿಸಿ ಕೊಡುತ್ತದೆ. ನಾನು ಅರ್ಜಿ ಹಾಕಿದ ಕಡೆ ಹಾಗಲ್ಲ, ಅರ್ಜಿದಾರರೇ ಹುಡುಕಿ, ಯಾರಿಗೂ ತೊಂದರೆ ಆಗಲ್ಲ ಅಂತ ಲೆಕ್ಕ ತೋರಿಸಬೇಕು.

ರಾತ್ರಿ ರೇಡಿಯೋ ಹಿಡಿದು ಕೂತು 87.5ರಿಂದ 108 ಮೆಗಾಹರ್ಟ್ಸ್‌ವರೆಗೆ ಮೆಲ್ಲಗೆ ತಿರುಗಿಸಿದೆ. 95.1ರಲ್ಲಿ ಬರೀ ಸುಯ್ ಅನ್ನುವ ಸದ್ದು. ಸಿಕ್ಕಿತು ಅಂತ ಅದನ್ನೇ ಬರೆದು ಕಳಿಸಿದೆ. ಅರ್ಜಿ ವಾಪಸ್ ಬಂತು.

ಮೊದಲ ಕಾರಣ ಓದಿ ತಲೆ ಚಚ್ಚಿಕೊಂಡೆ. ಹತ್ತಿರದಲ್ಲೇ 105.8ರಲ್ಲಿ ಒಂದು ಕೇಂದ್ರ ಇತ್ತು. ಎರಡಕ್ಕೂ ಅಂತರ 10.7. ಬಹುತೇಕ ಎಫ್‌ಎಂ ರೇಡಿಯೋಗಳು ಬಂದ ಸಿಗ್ನಲ್ಲನ್ನು ಒಳಗೆ ಇಳಿಸಿಕೊಳ್ಳುವುದು ಇದೇ 10.7 ಮೆಗಾಹರ್ಟ್ಸ್‌ಗೆ. ಎರಡೂ ಸಿಗ್ನಲ್ ಜೋರಾಗಿರುವ ಜಾಗದಲ್ಲಿ ಅವು ರೇಡಿಯೋ ಒಳಗೇ ಬೆರೆತು, ನೀವು ಯಾವ ಸ್ಟೇಷನ್ ಹಾಕಿದರೂ ಗಲಾಟೆ ಶುರು.

ಎರಡನೆಯದು ಪೂರ್ತಿ ನನ್ನದೇ ತಪ್ಪು. ಎತ್ತರ ಅಂತ ಕೇಳಿದ್ದಕ್ಕೆ ಸುಮ್ನೆ ಮಾಸ್ಟ್ (ಆಂಟೆನಾ ಕಟ್ಟುವ ಕಂಬ) ಎತ್ತರ 30 ಮೀಟರ್ ಬರೆದಿದ್ದೆ. ಅವರಿಗೆ ಬೇಕಿದ್ದದ್ದು ಆಂಟೆನಾದಿಂದ 3ರಿಂದ 15 ಕಿಲೋಮೀಟರ್ ದೂರದವರೆಗಿನ ನೆಲದ ಸರಾಸರಿ ಮಟ್ಟಕ್ಕಿಂತ ಆಂಟೆನಾ ಎಷ್ಟು ಮೇಲಿದೆ ಅನ್ನುವುದು, ಅದೂ ಒಂದೊಂದು ದಿಕ್ಕಿಗೂ ಬೇರೆ ಬೇರೆ. ಮಾಸ್ಟ್ ಇದ್ದದ್ದು ಗುಡ್ಡದ ಮೇಲೆ. ಪೂರ್ವಕ್ಕೆ ನೆಲ ಇಳಿಯುತ್ತಾ ಹೋಗಿದ್ದರಿಂದ ಅಲ್ಲಿ 30 ಹೋಗಿ 140 ಆಯಿತು. ಪಶ್ಚಿಮಕ್ಕೆ ಇನ್ನೂ ಎತ್ತರದ ಗುಡ್ಡಸಾಲು, ಲೆಕ್ಕ ಸೊನ್ನೆಗಿಂತ ಕೆಳಗೆ.

ಅಲ್ಲಿಗೆ ನನ್ನ ಯೋಚನೆಯೇ ತಿರುಗಿತು. ನಮಗೆ ಏನು ಕೇಳಿಸುತ್ತೆ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ, ನಮ್ಮ ಸಿಗ್ನಲ್ ದೂರದ ಯಾರದೋ ಕೇಳುಗರ ಮೇಲೆ ಎಷ್ಟು ಬೀಳುತ್ತೆ ಅನ್ನುವುದು ಪ್ರಶ್ನೆ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಶಿಫಾರಸಿನ ಪ್ರಕಾರ ಇಬ್ಬರದೂ ಒಂದೇ ಚಾನೆಲ್ ಆದರೆ, ಸ್ಟೀರಿಯೋದಲ್ಲಿ, ಸದಾ ಇರುವ ಅಡ್ಡಿಗೆ ಆ ದೂರದ ಕೇಂದ್ರದ ಸಿಗ್ನಲ್ ನಮ್ಮದಕ್ಕಿಂತ 45 ಡಿಬಿ (ಡೆಸಿಬೆಲ್) ಮೇಲಿರಬೇಕು. 100 ಕಿಲೋಹರ್ಟ್ಸ್ ಸರಿದರೆ 33 ಸಾಕು, 200 ಸರಿದರೆ ಬರೀ 7. ಹಳ್ಳಿಗಾಡಿನಲ್ಲಿ ಅವರ ಸಿಗ್ನಲ್‌ನ ಕನಿಷ್ಠ ಮಟ್ಟ 54 ಡಿಬಿ (ಮೀಟರಿಗೆ ಒಂದು ಮೈಕ್ರೋವೋಲ್ಟ್‌ಗೆ ಹೋಲಿಸಿ) ಅಂತಿಟ್ಟುಕೊಂಡರೆ, ಅದೇ ಚಾನೆಲ್‌ನಲ್ಲಿ ನಾವು ಅಲ್ಲಿ 9 ದಾಟುವ ಹಾಗಿಲ್ಲ. ಅಷ್ಟು ಸಣ್ಣ ಸಿಗ್ನಲ್ ನನ್ನ ಕೈರೇಡಿಯೋಗೆ ಎಲ್ಲಿ ಕೇಳಿಸಬೇಕು?

ಎರಡನೇ ಸಲ ಕಾಗದದ ಮೇಲೆ ಹುಡುಕಿದೆ. 97.4 ಸಿಕ್ಕಿತು. ಅದಕ್ಕೆ 10.7 ಕೂಡಿಸಿದರೂ ಕಳೆದರೂ ಬ್ಯಾಂಡ್‌ನಿಂದಲೇ ಆಚೆ, ಜಗಳಕ್ಕೆ ಜೋಡಿಯೇ ಇಲ್ಲ. ನೆಲ ತಗ್ಗಾಗಿ ಸಿಗ್ನಲ್ ದೂರ ಹೋಗುವ ಪೂರ್ವಕ್ಕೆ ಪವರ್ ಕಡಿಮೆ ಬೀಳುವ ಹಾಗೆ ದಿಕ್ಕಿನ ಆಂಟೆನಾ ಹಾಕುತ್ತೇವೆ ಅಂತ ಬರೆದೆ.

ಒಪ್ಪಿಗೆ ಸಿಕ್ಕಿತು, ಆಂಟೆನಾ ಇಷ್ಟೇ ಡಿಗ್ರಿಗೆ ಮುಖ ಮಾಡಿರಬೇಕು ಅನ್ನುವ ಷರತ್ತಿನ ಮೇಲೆ. ಕೂರಿಸುವಾಗ ಮಾಸ್ಟ್ ಹತ್ತಿದವರು ಮೇಲೆ ನಿಂತೇ ದಿಕ್ಸೂಚಿ ನೋಡಿ ಬಿಗಿದರು. ಮಾಸ್ಟ್ ಕಬ್ಬಿಣದ್ದು ಅಲ್ವಾ, ಮುಳ್ಳು ಆ ಕಡೆಗೇ ವಾಲಿತ್ತು. ನಾನು ಇನ್ನೂರು ಹೆಜ್ಜೆ ದೂರ ಹೋಗಿ ನೋಡಿದರೆ 20 ಡಿಗ್ರಿ ತಪ್ಪು, ಬೋಲ್ಟ್ ಬಿಚ್ಚಿ ಮತ್ತೆ ಕೂರಿಸಿದೆವು.